ಬಯಲಾಟದ ಡಿವಿಡಿಗೆ ಪದರಗಳಲ್ಲಿ ಮೆನು ಬಟನ್: ಹೈಲೈಟ್ ಏಕೆ ಒಡೆದು ಕಾಣುತ್ತದೆ?

ಮಂಡಿಪೇಟೆ, ದಾವಣಗೆರೆ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ಮಾಡುವ ಸಣ್ಣ ಸ್ಟುಡಿಯೊ ನನ್ನದು. ಚಿತ್ರದುರ್ಗದ ಕಡೆಯ ಒಂದು ಹಳ್ಳಿಯವರು ತಮ್ಮೂರಿನ ಮೂಡಲಪಾಯ ಬಯಲಾಟದ ಹಳೆಯ ಟೇಪುಗಳನ್ನು ತಂದುಕೊಟ್ಟು, ಅವನ್ನು ಡಿವಿಡಿಗೆ ಹಾಕಿಕೊಡಬೇಕೆಂದು ಕೇಳಿದ್ದಾರೆ. ಆಟವಾಡಿದವರಲ್ಲಿ ಹೆಚ್ಚಿನವರು ಈಗ ವಯಸ್ಸಾದವರು. ಅವರ ಮನೆಗಳಲ್ಲಿ ಡಿವಿಡಿ ಪ್ಲೇಯರ್ ಇದೆ, ಹಳೆಯ ಡಬ್ಬಾ ಟಿವಿ ಇದೆ, ರಿಮೋಟ್‌ನ ಬಾಣದ ಗುಂಡಿಗಳನ್ನು ಒತ್ತಿ ಬೇಕಾದ ದೃಶ್ಯಕ್ಕೆ ಹೋಗುವುದು ಅವರಿಗೆ ಅಭ್ಯಾಸವಾಗಿದೆ. ಆದ್ದರಿಂದ ಮೆನು ಚೆನ್ನಾಗಿ ಬರಬೇಕೆಂಬುದು ನನ್ನ ಆಸೆ.

ಚಿತ್ರ ಸಿದ್ಧಪಡಿಸಲು ಫೋಟೋಶಾಪ್ ಸಿಎಸ್ 6, ಮೆನು ಸೇರಿಸಿ ಡಿವಿಡಿ ಕಟ್ಟಲು ಎನ್ಕೋರ್ ಸಿಎಸ್ 6 ಬಳಸುತ್ತಿದ್ದೇನೆ. ಹಿನ್ನೆಲೆಗೆ ಆಟದ ರಂಗಸ್ಥಳದ ಚಿತ್ರ, ಅದರ ಮೇಲೆ ‘ಪೂರ್ಣ ಆಟ’, ‘ದೃಶ್ಯಗಳು’, ‘ಪಾತ್ರಧಾರಿಗಳು’, ‘ಹಿಮ್ಮೇಳ’ ಎಂಬ ನಾಲ್ಕು ಬಟನ್‌ಗಳು. ಪ್ರತಿ ಬಟನ್ನಿನ ಪದರಗಳನ್ನು ಒಂದು ಗುಂಪಿನಲ್ಲಿಟ್ಟು ಗುಂಪಿನ ಹೆಸರಿನ ಮುಂದೆ (+) ಗುರುತು ಹಾಕಿದ್ದೇನೆ, ಹೈಲೈಟ್ ಪದರದ ಹೆಸರಿನ ಮುಂದೆ (=1) ಎಂದು ಹಾಕಿದ್ದೇನೆ. ಹೈಲೈಟ್ ಎಂದರೆ ಯಾವ ಬಟನ್ ಮೇಲೆ ಇದ್ದೇವೆಂದು ತೋರಿಸುವ ಗುರುತು; ನನ್ನದು ಅಕ್ಷರಗಳ ಸುತ್ತ ದೀಪದ ಬೆಳಕಿನಂತೆ ಮೆಲ್ಲಗೆ ಕರಗಿಹೋಗುವ ಚಿನ್ನದ ಬಣ್ಣದ ಹೊಳಪು. ಫೋಟೋಶಾಪ್‌ನಲ್ಲಿ ಅದು ಬಹಳ ಚೆಂದ ಕಾಣುತ್ತದೆ. ಎನ್ಕೋರ್‌ಗೆ ತಂದು ಪ್ರಿವ್ಯೂ ನೋಡಿದರೆ ಹೊಳಪಿನ ಜಾಗದಲ್ಲಿ ಅಂಚು ಹರಿದ ತೇಪೆಯಂಥ ಒಂದು ಬಣ್ಣ ಕೂತಿರುತ್ತದೆ. ‘ದೃಶ್ಯಗಳು’ ಬಟನ್ನಿಗೆ ಬಂದಾಗ ಕೆಳಗಿನ ಬಟನ್ನಿನ ಮೇಲ್ಭಾಗವೂ ಸ್ವಲ್ಪ ಹೊಳೆಯುತ್ತದೆ, ಪ್ರಾಜೆಕ್ಟ್ ಪರಿಶೀಲನೆಯಲ್ಲಿ ಬಟನ್‌ಗಳು ಒಂದರ ಮೇಲೊಂದು ಬಿದ್ದಿವೆ ಎಂಬ ಎಚ್ಚರಿಕೆಯೂ ಬರುತ್ತದೆ. ಇದಲ್ಲದೆ ಫೋಟೋಶಾಪ್‌ನಲ್ಲಿ ಕನ್ನಡವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಒತ್ತಕ್ಷರಗಳು ಒಡೆದು ಬೇರೆ ಬೇರೆಯಾಗಿ ಬೀಳುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ?

ಜೋಗಿಮಟ್ಟಿ, ಚಿತ್ರದುರ್ಗ — ಉತ್ತರ

ಗುಂಪುಗಳನ್ನೂ ಗುರುತುಗಳನ್ನೂ ನೀವು ಸರಿಯಾಗಿಯೇ ಹಾಕಿದ್ದೀರಿ. ತೊಂದರೆ ಇರುವುದು ಹೈಲೈಟ್ ಎಂದರೇನು ಎಂಬುದರ ಬಗ್ಗೆ ಫೋಟೋಶಾಪ್ ನಮ್ಮಲ್ಲಿ ಹುಟ್ಟಿಸುವ ಕಲ್ಪನೆಯಲ್ಲಿ. ಫೋಟೋಶಾಪ್‌ನಲ್ಲಿ ಹೈಲೈಟ್ ಇನ್ನೊಂದು ಚಿತ್ರದ ಪದರ. ಡಿವಿಡಿಯಲ್ಲಿ ಅದು ಚಿತ್ರವೇ ಅಲ್ಲ, ಬಣ್ಣ ತುಂಬಲು ಬಿಟ್ಟ ಜಾಗ ಮಾತ್ರ.

ಡಿವಿಡಿಯ ಮೆನು ಪರದೆಯಲ್ಲಿ ಎರಡು ಸಂಗತಿಗಳು ಒಂದರ ಮೇಲೊಂದು ಇರುತ್ತವೆ. ಕೆಳಗಿರುವುದು ಎಂಪೆಗ್-2 ವಿಡಿಯೊ. ನಿಮ್ಮ ರಂಗಸ್ಥಳದ ಚಿತ್ರ, ಬಟನ್ನಿನ ಅಕ್ಷರ, ಚೌಕಟ್ಟು, ನೆರಳು ಎಲ್ಲವೂ ಡಿಸ್ಕ್ ತಯಾರಾಗುವ ಹೊತ್ತಿಗೆ ಚಪ್ಪಟೆಯಾಗಿ ಇದರೊಳಗೆ ಸೇರಿಹೋಗುತ್ತವೆ. ಮೇಲಿರುವುದು ಸಬ್‌ಪಿಕ್ಚರ್. ಇದು ಇಡೀ ಪರದೆಗೆ ಒಂದೇ, ಇದರಲ್ಲಿ ಒಂದು ಪಿಕ್ಸೆಲ್‌ಗೆ ಸಿಗುವುದು 2 ಬಿಟ್ ಮಾತ್ರ, ಅಂದರೆ ನಾಲ್ಕೇ ಬೆಲೆಗಳು. ಒಂದನ್ನು ಪಾರದರ್ಶಕ ಜಾಗಕ್ಕೆ ಬಿಟ್ಟರೆ ನಮ್ಮ ಕೈಗೆ ಉಳಿಯುವುದು ಮೂರು, ಅವೇ ನಿಮ್ಮ (=1), (=2), (=3). ರಿಮೋಟ್‌ನಲ್ಲಿ ಬಾಣ ಒತ್ತಿದಾಗ ಪ್ಲೇಯರ್ ಹೊಸ ಚಿತ್ರವನ್ನು ತರುವುದಿಲ್ಲ. ಆ ಬಟನ್ನಿಗೆ ಗೊತ್ತುಮಾಡಿದ ಆಯತದೊಳಗೆ ಬರುವ ಸಬ್‌ಪಿಕ್ಚರ್ ಪಿಕ್ಸೆಲ್‌ಗಳ ಬಣ್ಣವನ್ನೂ ಪಾರದರ್ಶಕತೆಯನ್ನೂ ಬದಲಾಯಿಸುತ್ತದೆ, ಅಷ್ಟೇ. ನಮ್ಮ ಮನೆಗಳಲ್ಲಿ ರಂಗೋಲಿ ಹಾಕುವ ತೂತಿನ ತಗಡನ್ನು ನೆನೆಸಿಕೊಳ್ಳಿ. ತೂತುಗಳು ಇದ್ದಲ್ಲೇ ಇರುತ್ತವೆ, ಇಂದು ಬಿಳಿ ಪುಡಿ, ನಾಳೆ ಅರಿಸಿನ.

ಇದು ಮನಸ್ಸಿಗೆ ಬಂದರೆ ನಿಮ್ಮ ಎರಡು ತೊಂದರೆಗಳ ಕಾರಣವೂ ಕಾಣುತ್ತದೆ. ಮೆಲ್ಲಗೆ ಕರಗುವ ಹೊಳಪಿಗೆ ನೂರಾರು ಹಂತದ ಪಾರದರ್ಶಕತೆ ಬೇಕು, ಆದರೆ ಒಂದು (=1) ಪದರಕ್ಕೆ ಇರುವುದು ಒಂದೇ ಹಂತ; ಆದ್ದರಿಂದ ಎನ್ಕೋರ್ ಪ್ರತಿ ಪಿಕ್ಸೆಲ್ ಅನ್ನು ‘ಇದೆ’ ಅಥವಾ ‘ಇಲ್ಲ’ ಎಂದು ಒಂದು ಕಡೆಗೆ ತಳ್ಳಲೇಬೇಕಾಗುತ್ತದೆ, ಆಗ ಅಂಚು ಹರಿಯುತ್ತದೆ. ಇನ್ನು ಕೆಳಗಿನ ಬಟನ್ ಹೊಳೆಯುವುದು ಆಯತದ ಕಾರಣಕ್ಕೆ. ಗುಂಪಿನೊಳಗಿನ ಪದರಗಳು ಎಲ್ಲಿಯವರೆಗೆ ಹರಡಿವೆಯೋ ಅಲ್ಲಿಯವರೆಗೆ ಬಟನ್ನಿನ ಆಯತ ಬೆಳೆಯುತ್ತದೆ. ನಿಮ್ಮ ಹೊಳಪು ಕಣ್ಣಿಗೆ ಕಾಣದಷ್ಟು ತೆಳುವಾಗಿ ದೂರದವರೆಗೆ ಹೋಗಿರುವುದರಿಂದ ಆಯತವೂ ಅಲ್ಲಿಯವರೆಗೆ ಚಾಚಿಕೊಂಡು, ಪಕ್ಕದ ಬಟನ್ನಿನ ಸಬ್‌ಪಿಕ್ಚರ್ ಅನ್ನೂ ತನ್ನೊಳಗೆ ಎಳೆದುಕೊಂಡಿದೆ. ಒಂದೇ ಪಿಕ್ಸೆಲ್ ಎರಡು ಬಟನ್‌ಗಳಿಗೆ ಸೇರಲಾರದು, ಅದಕ್ಕೇ ಆ ಎಚ್ಚರಿಕೆ.

ಪರಿಹಾರ ಹೀಗೆ. ಮೃದುವಾದದ್ದನ್ನೆಲ್ಲ ಹಿನ್ನೆಲೆಗೆ ಕೊಡಿ. ನೆರಳು, ಹೊಗೆಯಂಥ ಹೊಳಪು, ಗ್ರೇಡಿಯಂಟ್ ಇವು ಬಟನ್ ಗುಂಪಿನ ಹೊರಗೆ, ಹಿನ್ನೆಲೆಯ ಪದರಗಳಲ್ಲಿ, ನಾಲ್ಕೂ ಬಟನ್‌ಗಳಿಗೆ ಸದಾ ಕಾಣುವಂತೆ ಇರಲಿ. ಹೈಲೈಟ್‌ಗೆ ಗಟ್ಟಿ ಅಂಚಿನ ಆಕಾರ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಅದನ್ನು ಬರೆಯುವಾಗ ಬ್ರಶ್ ಬಿಟ್ಟು ಪೆನ್ಸಿಲ್ ಸಾಧನ ಹಿಡಿಯಿರಿ, ಆಯ್ಕೆ ಮಾಡುವಾಗ ಅಂಚನ್ನು ಮಸುಕಾಗಿಸುವ ಫೆದರ್ ಸೊನ್ನೆ ಇರಲಿ, ಅಂಚನ್ನು ನಯಗೊಳಿಸುವ ಆಂಟಿ-ಅಲಿಯಾಸ್ ಗುರುತು ತೆಗೆದಿರಲಿ, ಅಕ್ಷರವೇ ಹೈಲೈಟ್ ಆಗುವುದಾದರೆ ಅಕ್ಷರದ ಆಂಟಿ-ಅಲಿಯಾಸ್ ಅನ್ನೂ ತೆಗೆದಿಡಿ.

ಆದರೂ ಹೊಳಪೇ ಬೇಕೆಂದರೆ ಒಂದು ದಾರಿ ಇದೆ, ಇದಕ್ಕೆ ತಾಳ್ಮೆ ಬೇಕು. ಮೂರು ಬಣ್ಣಗಳನ್ನು ಮೂರು ಬೇರೆ ಬಣ್ಣಗಳಾಗಿ ಬಳಸದೆ, ಒಂದೇ ಚಿನ್ನದ ಬಣ್ಣದ ಮೂರು ಮೆಟ್ಟಿಲುಗಳಾಗಿ ಬಳಸಬೇಕು. ನಡುವಿನ ಆಕಾರವನ್ನು (=1) ಪದರದಲ್ಲಿ ಪೂರ್ಣ ಗಟ್ಟಿಯಾಗಿ ತುಂಬಿ. ಆಯ್ಕೆಯನ್ನು 2 ಪಿಕ್ಸೆಲ್ ಹಿಗ್ಗಿಸಿ, ಒಳಗಿನ ಆಕಾರವನ್ನು ಕಳೆದು, ಉಳಿದ ಉಂಗುರವನ್ನು (=2) ಪದರದಲ್ಲಿ ತುಂಬಿ ಗಟ್ಟಿತನವನ್ನು ಶೇ 60ಕ್ಕೆ ಇಳಿಸಿ. ಇನ್ನೂ 2 ಪಿಕ್ಸೆಲ್ ಹಿಗ್ಗಿಸಿ ಹೊರಗಿನ ಉಂಗುರವನ್ನು (=3) ಪದರದಲ್ಲಿ ಶೇ 27ರ ಹತ್ತಿರಕ್ಕೆ ಇಡಿ. ಡಿವಿಡಿಯಲ್ಲಿ ಪಾರದರ್ಶಕತೆಗೆ ಇರುವುದು 0ಯಿಂದ 15ರವರೆಗಿನ 16 ಹಂತಗಳಾದ್ದರಿಂದ ಈ ಅಂಕಿಗಳು ಆ ಹಂತಗಳಿಗೆ ಹೊಂದುತ್ತವೆ. ಉಂಗುರಗಳು ಒಂದರ ಮೇಲೊಂದು ಬೀಳಬಾರದು, ಒಂದು ಪಿಕ್ಸೆಲ್‌ಗೆ ಒಂದೇ ಬೆಲೆ. ಮೂರು ಮಾರು ದೂರದಲ್ಲಿ ಕುಳಿತು ನೋಡುವವರ ಕಣ್ಣಿಗೆ ಈ ಮೂರು ಮೆಟ್ಟಿಲು ಹೊಳಪಾಗಿಯೇ ಕಾಣುತ್ತದೆ.

ಬಣ್ಣವನ್ನು ಫೋಟೋಶಾಪ್‌ನಲ್ಲಿ ಆರಿಸಿದರೆ ಸಾಲದು ಎಂಬುದನ್ನೂ ನೆನಪಿಡಿ. ಎನ್ಕೋರ್‌ನಲ್ಲಿ ಮೆನುವಿನ ಕಲರ್ ಸೆಟ್‌ನಲ್ಲಿ ಏನಿದೆಯೋ ಅದೇ ಡಿಸ್ಕ್‌ಗೆ ಹೋಗುತ್ತದೆ. ಬಟನ್ ಮೇಲೆ ನಿಂತಾಗಿನ ಬಣ್ಣ, ಒಪ್ಪಿಗೆಯ ಗುಂಡಿ ಒತ್ತಿದಾಗಿನ ಬಣ್ಣ ಎರಡನ್ನೂ ಅಲ್ಲೇ ಗೊತ್ತುಮಾಡಿ. ಈ ಎರಡು ಬಣ್ಣಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿರಬೇಕು, ಏಕೆಂದರೆ ಹಳೆಯ ಪ್ಲೇಯರ್‌ಗಳಲ್ಲಿ ಗುಂಡಿ ಒತ್ತಿದ ಮೇಲೆ ವಿಡಿಯೊ ಶುರುವಾಗಲು ಒಂದೆರಡು ಕ್ಷಣ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಬಣ್ಣ ಬದಲಾಗದಿದ್ದರೆ ಹಿರಿಯರು ಮತ್ತೆ ಮತ್ತೆ ಒತ್ತುತ್ತಾರೆ.

ಮಂಡಿಪೇಟೆ, ದಾವಣಗೆರೆ

ಇಷ್ಟು ದಿನ ಇದನ್ನು ತಂತ್ರಾಂಶದ ದೋಷವೆಂದೇ ತಿಳಿದಿದ್ದೆ. ತಗಡಿನ ಹೋಲಿಕೆಯಿಂದ ತಟ್ಟನೆ ಅರ್ಥವಾಯಿತು. ನೆರಳುಗಳನ್ನೆಲ್ಲ ಗುಂಪಿನಿಂದ ಹೊರಗೆ ತೆಗೆದ ಕೂಡಲೇ ಎಚ್ಚರಿಕೆ ಹೋಯಿತು. ಈಗ ಹೊಳಪಿನ ಬದಲು ಅಕ್ಷರದ ಕೆಳಗೆ ಒಂದು ಗಟ್ಟಿ ಗೆರೆ ಎಳೆದು ನೋಡಿದೆ. ‘ಹಿಮ್ಮೇಳ’ ಮತ್ತು ‘ಪಾತ್ರಧಾರಿಗಳು’ ಬಟನ್‌ಗಳಲ್ಲಿ ಗೆರೆ ಒತ್ತಕ್ಷರವನ್ನು ಕತ್ತರಿಸಿಕೊಂಡು ಹೋಗುತ್ತಿದೆ. ಕನ್ನಡದ ಅಕ್ಷರ ಒಡೆಯುವ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಕುಂದವಾಡ ಕೆರೆ, ದಾವಣಗೆರೆ — ಉತ್ತರ

ನಾನು ಡಿಟಿಪಿ ಕೆಲಸದವನು, ಲಗ್ನಪತ್ರಿಕೆಗಳ ಜೊತೆಗೆ ಆಗಾಗ ಸ್ಟುಡಿಯೊಗಳಿಗೆ ಮೆನು ಮಾಡಿಕೊಡುತ್ತೇನೆ, ಆದ್ದರಿಂದ ಅಕ್ಷರದ ಮಾತು ನನ್ನದಾಗಲಿ.

ಹಳೆಯ ಫೋಟೋಶಾಪ್ ಯುನಿಕೋಡ್ ಕನ್ನಡದ ಸಂಯುಕ್ತಾಕ್ಷರಗಳನ್ನು ಜೋಡಿಸಲಾರದು. ಸಿಎಸ್ 6ರ ನಂತರದ ಹಲವು ಆವೃತ್ತಿಗಳಲ್ಲಿ ಅಕ್ಷರದ ಆದ್ಯತೆಗಳೊಳಗೆ (ಟೈಪ್ ಪ್ರಿಫರೆನ್ಸಸ್) ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಬೇರೆ ಆಯ್ಕೆ ಇದೆ, ಅದನ್ನು ಹಾಕಿದರೆ ಸರಿಹೋಗುತ್ತದೆ. ನಿಮ್ಮ ಸಿಎಸ್ 6ರಲ್ಲಿ ಎರಡು ದಾರಿಗಳಿವೆ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ, ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಒತ್ತುಗಳೂ ಗುಡಿಸು ಕೊಂಬುಗಳೂ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕುಳಿತಿರುವುದರಿಂದ ಅವು ಒಡೆಯದೆ ಬರುತ್ತವೆ. ಅದು ಬೇಡವೆಂದರೆ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಯುನಿಕೋಡ್ ಫಾಂಟ್‌ನಿಂದಲೇ ಪದವನ್ನು ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ಹೊರತೆಗೆದು, ಫೋಟೋಶಾಪ್‌ನ ಗುಂಪಿನೊಳಗೆ ಒಂದು ಪದರವಾಗಿ ಸೇರಿಸಿ. ನಾನು ಎರಡನೆಯದನ್ನೇ ಮಾಡುತ್ತೇನೆ. ಕೊನೆಗೆ ಎಲ್ಲವೂ ವಿಡಿಯೊ ಚಿತ್ರವಾಗುವುದರಿಂದ ಅಕ್ಷರ ಅಕ್ಷರವಾಗಿಯೇ ಉಳಿಯಬೇಕಾದ ಅಗತ್ಯವಿಲ್ಲ.

ಇನ್ನು ಗೆರೆಯ ವಿಷಯ. ಎನ್ಕೋರ್ ಜೊತೆಗೆ ಬರುವ ಸಿದ್ಧ ಮಾದರಿಗಳ ಅಡಿಗೆರೆಗಳನ್ನು ಇಂಗ್ಲಿಷ್ ಅಕ್ಷರಗಳಿಗೆಂದು ಬರೆದಿರುತ್ತಾರೆ. ಅಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರಗಳು ಕೆಲವೇ. ನಮ್ಮ ‘ದೃಶ್ಯಗಳು’ ಎಂಬ ಒಂದೇ ಪದವನ್ನು ಹತ್ತಿರದಿಂದ ನೋಡಿ: ದಕಾರದ ಕೆಳಗೆ ವಟ್ರಸುಳಿ, ಶಕಾರದ ಕೆಳಗೆ ಯ ಒತ್ತು, ಮುಂದೆ ಗಕಾರ ಮತ್ತು ಳಕಾರಗಳ ಕೆಳಗೆ ಏನೂ ಇಲ್ಲ. ಪದದ ಅರ್ಧಭಾಗ ಎರಡು ಅಂತಸ್ತಿನದು, ಉಳಿದರ್ಧ ಒಂದು ಅಂತಸ್ತಿನದು. ಅಡಿಗೆರೆಯನ್ನು ಒತ್ತುಗಳ ಕೆಳಗೆ ಇಳಿಸಿದರೆ ಬಲಭಾಗದಲ್ಲಿ ಅದು ಅಕ್ಷರದಿಂದ ದೂರ ನಿಂತು ಮುಂದಿನ ಬಟನ್ನಿಗೆ ಸೇರಿದಂತೆ ತೋರುತ್ತದೆ, ಮೇಲೆ ಏರಿಸಿದರೆ ನೀವು ಕಂಡಂತೆ ಒತ್ತನ್ನು ಕೊಯ್ಯುತ್ತದೆ. ಬಹಳ ಪ್ರಯತ್ನಗಳ ನಂತರ ನಾನು ಅಡಿಗೆರೆಯನ್ನು ಪೂರ್ತಿ ಬಿಟ್ಟೆ. ಈಗ ಪದದ ಎಡಕ್ಕೆ ಒಂದು ಗುರುತು ಇಡುತ್ತೇನೆ: ಒಂದು ದೀಪ, ಒಂದು ಗೆಜ್ಜೆ ಅಥವಾ ಬರೀ ದಪ್ಪನೆಯ ತ್ರಿಕೋನ. ಹೈಲೈಟ್ ಆಗುವುದು ಆ ಗುರುತು ಮಾತ್ರ. ಎಲ್ಲ ಬಟನ್‌ಗಳಲ್ಲೂ ಗುರುತು ಒಂದೇ ಲಂಬ ಸಾಲಿನಲ್ಲಿ ಇರುವುದರಿಂದ ಬಾಣ ಒತ್ತಿದಾಗ ದೀಪ ಕೆಳಕ್ಕೆ ಇಳಿದುಬಂದಂತೆ ಕಾಣುತ್ತದೆ, ಓದು ಬಾರದವರಿಗೂ ತಾವು ಎಲ್ಲಿದ್ದೇವೆಂದು ತಿಳಿಯುತ್ತದೆ. ನಿಮ್ಮ ಕೆಲಸಕ್ಕೆ ಬಯಲಾಟದ ಕಿರೀಟದ ಹೊರಗೆರೆಯೊಂದು ಬಹಳ ಹೊಂದುತ್ತದೆ ಎನ್ನಿಸುತ್ತದೆ.

ತಲಕಟ್ಟಿನ ಬಗ್ಗೆ ಎಚ್ಚರಿಕೆ ಬೇಕು. ತೆಳುವಾದ ಫಾಂಟ್‌ಗಳಲ್ಲಿ ತಲಕಟ್ಟು ಅಡ್ಡಡ್ಡಲಾಗಿ ಒಂದೇ ಪಿಕ್ಸೆಲ್ ದಪ್ಪಕ್ಕೆ ಬಂದುಬಿಡುತ್ತದೆ. ನಮ್ಮ ದೇಶದ ಪಾಲ್ (PAL) ಎಂಬ ಟಿವಿ ಪದ್ಧತಿಯ ಡಬ್ಬಾ ಟಿವಿ ಸೆಕೆಂಡಿಗೆ 25 ಚಿತ್ರಗಳನ್ನು 50 ಅರ್ಧಗಳಾಗಿ, ಬೆಸ ಸಾಲು ಒಮ್ಮೆ, ಸಮ ಸಾಲು ಒಮ್ಮೆ ತೋರಿಸುತ್ತದೆ. ಒಂದೇ ಸಾಲಿನ ಗೆರೆ ಆ ಅರ್ಧಗಳಲ್ಲಿ ಒಂದರಲ್ಲಿ ಮಾತ್ರ ಇರುವುದರಿಂದ ಅದು ಬಿಡದೆ ಮಿಣುಕುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಇದು ಕಾಣುವುದಿಲ್ಲ, ಡಿಸ್ಕ್ ಮನೆಗೆ ಹೋದ ಮೇಲೆ ಕಾಣುತ್ತದೆ. ದಪ್ಪ ಫಾಂಟ್ ಆರಿಸಿ, ಅಡ್ಡಗೆರೆ ಯಾವುದೂ 3 ಪಿಕ್ಸೆಲ್‌ಗಿಂತ ತೆಳುವಾಗದಂತೆ ನೋಡಿಕೊಳ್ಳಿ. ಕುಂಕುಮದ ಕಡುಗೆಂಪು ಅಕ್ಷರಗಳನ್ನೂ ನಾನು ಬಳಸುವುದಿಲ್ಲ. ಡಿವಿಡಿ ವಿಡಿಯೊದಲ್ಲಿ ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸಿ ಇಡುವುದರಿಂದ ಕೆಂಪು ಅಂಚಿನಾಚೆಗೆ ಹರಡಿಕೊಳ್ಳುತ್ತದೆ. ಬೆಣ್ಣೆ ಬಣ್ಣದ ಅಕ್ಷರಕ್ಕೆ ಕಪ್ಪು ಹೊರಗೆರೆ ಕೊಟ್ಟರೆ ಯಾವ ಟಿವಿಯಲ್ಲಿಯೂ ಓದಬಹುದು.

ಕಡತವನ್ನು ಫೋಟೋಶಾಪ್‌ನ ವಿಡಿಯೊ ಮಾದರಿಗಳಲ್ಲಿ ಪಾಲ್ ಆರಿಸಿ, 720x576 ಅಳತೆಯಲ್ಲಿ ಶುರುಮಾಡಿದರೆ ಟಿವಿಯ ಅಂಚಿನಲ್ಲಿ ಕತ್ತರಿಸಿಹೋಗದ ಜಾಗವನ್ನು ತೋರಿಸುವ ಸುರಕ್ಷಿತ ಅಂಚಿನ ಮಾರ್ಗದರ್ಶಿ ಗೆರೆಗಳು ತಾವಾಗಿಯೇ ಬರುತ್ತವೆ. ಒಳಗಿನ ಗೆರೆ ಎಂದರೆ ಎಡಬಲಗಳಲ್ಲಿ 72, ಮೇಲೆ ಕೆಳಗೆ ಸುಮಾರು 57 ಪಿಕ್ಸೆಲ್ ಬಿಟ್ಟ ಜಾಗ. ಒತ್ತಕ್ಷರವೂ ಸೇರಿ ಎಲ್ಲ ಅಕ್ಷರಗಳೂ ಅದರೊಳಗಿರಲಿ.

ವಾಣಿವಿಲಾಸ, ಹಿರಿಯೂರು — ಉತ್ತರ

ಎನ್ಕೋರ್‌ನ ಕೊನೆಯ ಆವೃತ್ತಿ 2012ರ ಸಿಎಸ್ 6, ಅದರ ನಂತರ ಅಡೋಬಿ ಅದನ್ನು ಮುಂದುವರಿಸಲಿಲ್ಲ. ಅದು ಕೈಯಲ್ಲಿಲ್ಲದ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ಚಿತ್ರ ತಯಾರಿಸುವ ಜಿಂಪ್ ಮತ್ತು ಡಿಸ್ಕ್ ಕಟ್ಟುವ ಡಿವಿಡಿ‌ಆಥರ್ ಎಂಬ ಉಚಿತ ತಂತ್ರಾಂಶಗಳಿಂದಲೂ ಇದೇ ಕೆಲಸ ಆಗುತ್ತದೆ, ಡಿವಿಡಿಸ್ಟೈಲರ್ ಎಂಬ ಇನ್ನೊಂದು ತಂತ್ರಾಂಶ ಒಳಗೆ ಬಳಸುವುದೂ ಡಿವಿಡಿ‌ಆಥರ್ ಅನ್ನೇ. ಇಲ್ಲಿ ಹೆಸರಿನ ಮುಂದಿನ ಗುರುತುಗಳಿಲ್ಲ. ಬಟನ್‌ಗಳ ಸಾಮಾನ್ಯ ಸ್ಥಿತಿ, ಆಯ್ಕೆಯ ಸ್ಥಿತಿ, ಒತ್ತಿದ ಸ್ಥಿತಿ ಇವುಗಳಿಗೆ ಪರದೆಯಷ್ಟೇ ಅಳತೆಯ ಪಿಎನ್‌ಜಿ ಚಿತ್ರಗಳನ್ನು ಬೇರೆ ಬೇರೆಯಾಗಿ ಕೊಡಬೇಕು. ಜಿಂಪ್‌ನಲ್ಲಿ ಪದರಗಳಾಗಿ ಇಟ್ಟುಕೊಂಡು, ಬೇಡದ ಪದರ ಮುಚ್ಚಿ ಒಂದೊಂದಾಗಿ ಹೊರತೆಗೆಯುವುದು ಸುಲಭ. ಹೊರತೆಗೆಯುವ ಮುನ್ನ ಇಂಡೆಕ್ಸ್ಡ್ ಬಣ್ಣಕ್ಕೆ (ಎಣಿಸಿದಷ್ಟೇ ಬಣ್ಣಗಳಿರುವ ಕ್ರಮಕ್ಕೆ) ಬದಲಿಸಿ, ಪಾರದರ್ಶಕವೂ ಸೇರಿ ನಾಲ್ಕು ಬಣ್ಣ ಮೀರದಂತೆ ನೋಡಿಕೊಳ್ಳಬೇಕು. ಮೇಲಿನವರು ಹೇಳಿದ ಮಿತಿಯೇ ಇದು.

ನಾನು ಪಟ್ಟ ಒಂದು ಪಾಡನ್ನು ಹೇಳಲೇಬೇಕು. ಸಬ್‌ಪಿಕ್ಚರ್ ಸೇರಿಸುವ ಉಪಕರಣಕ್ಕೆ ಬಟನ್‌ಗಳ ಜಾಗವನ್ನು ಚಿತ್ರ ನೋಡಿ ತಾನೇ ಊಹಿಸು ಎಂದು ಹೇಳಬಹುದು. ಕನ್ನಡ ಅಕ್ಷರಗಳನ್ನೇ ಹೈಲೈಟ್ ಮಾಡಿ ಹಾಗೆ ಬಿಟ್ಟಾಗ, ಅದು ಮೇಲಿನ ಅಕ್ಷರಕ್ಕೆ ತಾಗದ ಒತ್ತನ್ನು ಬೇರೆ ಬಟನ್ ಎಂದು ತಿಳಿಯಿತು. ನಾಲ್ಕು ಬಟನ್‌ಗಳ ಮೆನುವಿನಲ್ಲಿ ಹದಿನೇಳು ಬಟನ್‌ಗಳು ಹುಟ್ಟಿದ್ದವು. ಎಷ್ಟು ಪಿಕ್ಸೆಲ್ ಖಾಲಿ ಜಾಗ ಸಿಕ್ಕರೆ ಒಂದು ಬಟನ್ ಮುಗಿಯಿತೆಂದು ತಿಳಿಯಬೇಕು ಎಂಬುದನ್ನು ಹೆಚ್ಚಿಸಿ ಸರಿಪಡಿಸಬಹುದು, ಆದರೆ ಆಯತದ ಅಂಕಿಗಳನ್ನು ನಾವೇ ಬರೆದುಕೊಡುವುದು ನಿಶ್ಚಿಂತೆಯ ದಾರಿ. ಮೇಲಿನ ಮತ್ತು ಕೆಳಗಿನ ಅಂಕಿಗಳು ಸಮಸಂಖ್ಯೆಯಾಗಿರಲಿ.

ಬಯಲಾಟ ರಾತ್ರಿಯಿಡೀ ನಡೆಯುವಂಥದ್ದು, ಹಾಗಾಗಿ ಇದನ್ನೂ ಕೇಳುತ್ತೇನೆ: ಎಲ್ಲವನ್ನೂ ಒಂದೇ ಡಿಸ್ಕ್‌ಗೆ ತುಂಬುತ್ತಿಲ್ಲ ತಾನೇ? 4.7 ಜಿಬಿಯ ಡಿಸ್ಕ್‌ನಲ್ಲಿ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಹಾಕಿದರೆ ಎರಡು ಗಂಟೆಯಷ್ಟೇ ಹಿಡಿಯುತ್ತದೆ. ಹಳೆಯ ಟೇಪಿನ ಗದ್ದಲದ ಚಿತ್ರವನ್ನು, ಅದರಲ್ಲೂ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ತೆಗೆದದ್ದನ್ನು, ಇದಕ್ಕಿಂತ ಹಿಂಡಿದರೆ ಮುಖದ ಬಣ್ಣಗಾರಿಕೆ ಚೌಕ ಚೌಕವಾಗಿ ಒಡೆಯುತ್ತದೆ.

ಮಂಡಿಪೇಟೆ, ದಾವಣಗೆರೆ

ಮೂರು ಡಿಸ್ಕ್‌ಗಳಾಗಿ ಮಾಡುತ್ತಿದ್ದೇನೆ. ಅಡಿಗೆರೆಯನ್ನು ಬಿಟ್ಟು ಕಿರೀಟದ ಗುರುತನ್ನೇ ಇಟ್ಟೆ, ಒಳಗೆ ಗಟ್ಟಿ ಬಣ್ಣ, ಹೊರಗೆ ಎರಡು ಮೆಟ್ಟಿಲು. ಪದಗಳನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದೆ. ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯುಗೆ ಹಾಕಿಕೊಂಡು ಕಳೆದ ಭಾನುವಾರ ಹಳ್ಳಿಗೆ ಹೋಗಿ, ಭಾಗವತರಾಗಿದ್ದ ಹಿರಿಯರ ಮನೆಯ ಟಿವಿಯಲ್ಲೇ ನೋಡಿದೆವು. ಅವರು ಕನ್ನಡಕ ಹಾಕಿಕೊಳ್ಳದೆ, ಯಾರನ್ನೂ ಕೇಳದೆ, ‘ಹಿಮ್ಮೇಳ’ಕ್ಕೆ ಇಳಿದು ಒಪ್ಪಿಗೆಯ ಗುಂಡಿ ಒತ್ತಿದರು. ತಮ್ಮ ಮದ್ದಳೆಯವರ ಮುಖ ಬಂದಾಗ ಬಹಳ ಹೊತ್ತು ಮಾತಾಡಲಿಲ್ಲ.

ಒಂದು ಕೊರತೆ ಅಲ್ಲಿ ಕಂಡಿತು. ದೃಶ್ಯಗಳ ಪುಟದಲ್ಲಿ ಒಂದು ದೃಶ್ಯ ಮುಗಿದು ಮೆನು ಮರಳಿ ಬಂದಾಗ ಕಿರೀಟ ಪ್ರತಿಸಲವೂ ಮೊದಲನೆಯ ಬಟನ್ನಿಗೇ ಹೋಗಿ ನಿಲ್ಲುತ್ತದೆ. ಅವರು ಮತ್ತೆ ಒಂದೊಂದಾಗಿ ಎಣಿಸಿಕೊಂಡು ಇಳಿಯಬೇಕಾಗುತ್ತದೆ.

ಜೋಗಿಮಟ್ಟಿ, ಚಿತ್ರದುರ್ಗ

ಅದು ಪದರಗಳ ಕೆಲಸವಲ್ಲ, ಕೊಂಡಿಯ ಕೆಲಸ. ಪ್ರತಿ ದೃಶ್ಯದ ಕೊನೆಯ ಕ್ರಿಯೆಗೆ ಬರೀ ಮೆನುವನ್ನು ಕೊಡದೆ, ಆ ಮೆನುವಿನ ಮುಂದಿನ ದೃಶ್ಯದ ಬಟನ್ನನ್ನೇ ಗುರಿಯಾಗಿ ಕೊಡಿ. ಒಡ್ಡೋಲಗ ಮುಗಿದಾಗ ಕಿರೀಟ ಅದರ ಮುಂದಿನ ದೃಶ್ಯದ ಮೇಲೆ ಬಂದು ಕೂರುತ್ತದೆ. ಬಟನ್‌ಗಳ ನಡುವಿನ ದಾರಿಯನ್ನು ಎನ್ಕೋರ್ ತಾನೇ ಊಹಿಸುವ ಆಯ್ಕೆಯನ್ನೂ ತೆಗೆದು, ಮೇಲೆ ಕೆಳಗೆ ಎಡ ಬಲ ಬಾಣಗಳು ಎಲ್ಲಿಗೆ ಹೋಗಬೇಕೆಂದು ನೀವೇ ಗೊತ್ತುಮಾಡಿ. ಮೂರೂ ಡಿಸ್ಕ್‌ಗಳಲ್ಲಿ ಆ ದಾರಿ ಒಂದೇ ರೀತಿ ಇರಲಿ.